ನಾನೇ ಆರಿಸಿದ ಮೋಡ್

ಮಾರ್ಚ್ ೯, ರಾತ್ರಿ ೨.೧೦. ರೇಡಿಯೊದ ಗುಂಯ್ ಸದ್ದಿಗೆ ಎಚ್ಚರವಾಯಿತು. ಮಗು ಏಳಲಿಲ್ಲ. ನೀನು ಕೆಲಸಕ್ಕಿರುವ ಬೆಟ್ಟದ ಹವಾಮಾನ ಕೇಂದ್ರದಿಂದ ನಿನ್ನ ಕಾಲ್‌ಸೈನ್, ರೇಡಿಯೊದಲ್ಲಿ ನಿನ್ನ ಗುರುತಿನ ಅಕ್ಷರಗಳು, ಇವತ್ತೂ ಪರದೆಯ ಮೇಲೆ ಬಂತು.

"ಸಿಗ್ನಲ್ ಬರ್ತಿದೆಯಲ್ಲಮ್ಮ, ಆರಾಮಾಗಿರ್ತಾನೆ ಬಿಡು, ಊಟ ಮಾಡು" ಎಂದು ಮಾವ ಸಂಜೆ ಹೇಳಿದರು. ಬ್ಯಾಟರಿ ಇರುವವರೆಗೂ ಅದನ್ನು ಯಂತ್ರ ತಾನಾಗಿಯೇ ಕಳಿಸುತ್ತದೆ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಕೈಯಾರೆ ಟೈಪ್ ಮಾಡಿ ಕಳಿಸುವ ಮೋಡೇ ಇರಲಿ ಎಂದು ನೀನು ಹೇಳಿದ್ದೆ. ಕಡಿಮೆ ಆವರ್ತನದ ಗದ್ದಲದಲ್ಲಿ ಅಕ್ಷರಗಳು ಚೂರಾಗುತ್ತವೆ, ತಾನಾಗಿಯೇ ಕಳಿಸುವ ನಿಧಾನದ ಮೋಡೇ ಇರಲಿ, ನಿನ್ನ ಕಾಲ್‌ಸೈನ್ ಬಂದರೆ ಸಾಕು ಎಂದು ಹಟ ಹಿಡಿದವಳು ನಾನು.

ನಾಲ್ಕು ದಿನದಿಂದ ನೀನು ಫೋನ್ ಎತ್ತಿಲ್ಲ. ನನಗೆ ಬರುತ್ತಿರುವುದು ನಿನ್ನ ಬ್ಯಾಟರಿಯ ಕ್ಷೇಮಸಮಾಚಾರ ಅಷ್ಟೇ.

ಬೆಳಗಾಗುವುದರೊಳಗೆ ಒಂದು ಫೋನ್ ಮಾಡು. ಮಾತಾಡದಿದ್ದರೂ ಸರಿ, ಸುಮ್ಮನೆ ಒಮ್ಮೆ ಕೆಮ್ಮು, ನಾನು ಗುರುತು ಹಿಡಿಯುತ್ತೇನೆ.