ಬಳೆ ಬುಟ್ಟಿ ತಳ್ಳಿದವರಿಗೆ

ಮುನಿಯಪ್ಪಣ್ಣಾ,

ನೀವು ಬದುಕಿದ್ದಾಗ ನಿಮ್ಮೆದುರು ನನಗೆ ಮಾತೇ ಬರುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನ ಕನ್ನಡದಲ್ಲಿ ಈಗ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಯಶವಂತಪುರದ ಕಾರ್ಖಾನೆ ಗೇಟಿನ ಮುಂದೆ ನಿಮ್ಮ ಮುಷ್ಕರದ ಪೆಂಡಾಲು ಎದ್ದು ಐದನೇ ವಾರ. ನಾವು ಆರು ಜನ ಅಕ್ಕಿ, ಬೇಳೆ ಹೊತ್ತು ಬಂದೆವು. ಗಂಡಸರನ್ನೇ ಪ್ರೀತಿಸುವ ನಮ್ಮಂಥ ಗಂಡಸರನ್ನು ಪೊಲೀಸರು ಎಳೆದೊಯ್ದಾಗ ಬಿಡಿಸಿಕೊಳ್ಳಲು ಕಟ್ಟಿಕೊಂಡ ಗುಂಪು ನಮ್ಮದು. ಎಮರ್ಜೆನ್ಸಿಯಲ್ಲಿ ಜೈಲು ಕಂಡ ಸಂಘದ ಮುಖಂಡರು ನೀವು. ಅದೇ ಲಾಠಿ ನಿಮಗೂ, ನಮಗೂ. ಬೇರೆ ನಂಟು ಬೇಕಿತ್ತಾ?

ಪೆಂಡಾಲಿನಲ್ಲಿ ನಿಮ್ಮವರು ಒಂದು ಬುಟ್ಟಿ ತುಂಬ ಬಳೆ ಇಟ್ಟಿದ್ದರು. ಮುಷ್ಕರ ಮುರಿದು ಕೆಲಸಕ್ಕೆ ಹೋಗುವವರ ಕೈಗೆ ತೊಡಿಸಿ ಮಾನ ಕಳೆಯುವುದಕ್ಕೆ. ನಮ್ಮ ರಾಜನಿಗೆ ಅದೆಲ್ಲಿ ಗೊತ್ತು? ಹಸಿರು ಬಳೆ ಆರಿಸಿ ತೊಟ್ಟುಕೊಂಡೇಬಿಟ್ಟ! "ನಮಗೇ ಇಟ್ಟವ್ರೆ ಅಂದ್ಕೊಂಡೆ ಕಣೇ" ಎಂದು, ನಾವು ನಮ್ಮನಮ್ಮಲ್ಲೇ ಆಡುವ ಹೆಣ್ಣು ಮಾತಿನಲ್ಲಿ, ನನ್ನ ಕಿವಿಯಲ್ಲಿ ಉಸುರಿದ.

ಪೆಂಡಾಲೆಲ್ಲ ಗೊಳ್ಳೆಂದಿತು. "ಏನ್ ಗುರು, ಮದ್ವೆ ಯಾವಾಗ?" ಎಂದರು ಲೇತ್ ಕೆಲಸದ ಕೃಷ್ಣಪ್ಪನವರು.

"ನೀನು ಹ್ಞೂಂ ಅಂದ್ರೆ ನಾಳೆನೇ ಮಾವ!" ಎಂದ ರಾಜ. "ಆದ್ರೆ ಬಳೆ ತೊಟ್ಟೋನು ನಿಮ್ ಜೊತೆ ಇಲ್ಲಿದೀನಿ. ಒಳಗೆ ಹೋದೋರ ಕೈ ಬರಿದಾಗೇ ಇದೆ. ಹೇಡಿ ಯಾರು?"

ನಗು ನಿಂತಿತು. ನಾನು ಓಡಿಹೋಗಲು ದಾರಿ ಹುಡುಕುತ್ತಿದ್ದೆ. ನೀವು ಎದ್ದು ಬಂದು ಬುಟ್ಟಿಯನ್ನು ಕಾಲಿನಿಂದ ಬೆಂಚಿನಡಿ ತಳ್ಳಿದಿರಿ. "ಇದು ಬ್ಯಾಡ ಕಣ್ರೋ. ಮೊನ್ನೆ ಲಾಠಿ ತಿಂದ ನಮ್ ಹೆಂಗಸ್ರ ಕೈಲೂ ಬಳೆ ಇದ್ವು. ಇವ್ರಿಗೆ ಒಲೆ ತೋರ್ಸಿ." ಅಷ್ಟೇ ಹೇಳಿದ್ದು ನೀವು.

"ಇವ್ರ ಕೈ ಅಡುಗೆ ನಾನು ಮುಟ್ಟಲ್ಲ" ಎಂದಿದ್ದ ಕೃಷ್ಣಪ್ಪನವರು ಮೂರನೇ ದಿನ ತಟ್ಟೆ ಹಿಡಿದು ಬಂದು, "ಉಪ್ಪು ಸಾಲ್ದು" ಎಂದು ಬೈದರಲ್ಲ, ನೀವು ಎಷ್ಟು ನಕ್ಕಿರಿ...

ಮುಷ್ಕರ ಸೋತಿತು. ಆಮೇಲೆ ನೀವೂ ಹೋದಿರಿ. ಇನ್ನು ನಮ್ಮನ್ನು ಯಾರು ಗುರುತಿಸುತ್ತಾರೆ ಎಂದುಕೊಂಡಿದ್ದೆ.

ಕೇಳಿ. ಹೋದ ಸೋಮವಾರ ಹೆಬ್ಬಾಳ ಕೆರೆ ಏರಿಯ ಮೇಲೆ ಸುಮ್ಮನೆ ಕೂತಿದ್ದ ನನ್ನನ್ನೂ ರಾಜನನ್ನೂ ಪೊಲೀಸರು ಹಿಡಿದೊಯ್ದರು. ಸುದ್ದಿ ಕಾರ್ಖಾನೆಗೆ ಮುಟ್ಟಿ, ಪಾಳಿ ಬಿಟ್ಟ ಕೂಡಲೇ ನಿಮ್ಮವರು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಸ್ಟೇಷನ್ನಿಗೆ ಬಂದರು. ಮುಂದೆ ಕೃಷ್ಣಪ್ಪನವರು.

"ಇವ್ರು ನಿಮಗೇನಾಗ್ಬೇಕಯ್ಯಾ?" ಎಂದರು ಇನ್ಸ್‌ಪೆಕ್ಟರು.

"ನಮ್ ಸಂಘದವ್ರು ಸಾರ್. ಇವ್ರನ್ನ ಕರ್ಕೊಂಡೇ ಹೋಗೋದು."

ಕರೆದುಕೊಂಡೇ ಹೋದರು, ಅಣ್ಣಾ.

ಈ ಭಾನುವಾರ ನಿಮ್ಮ ಸಂಘದ ಕೋಣೆಯಲ್ಲೇ ನಮ್ಮ ಗುಂಪಿನ ಮೊದಲ ಬಹಿರಂಗ ಸಭೆ. ಬಾಗಿಲು ಹಾಕುವುದಿಲ್ಲ. ಮೊದಲು ಮಾತಾಡುವವನು ನಾನು. ನನ್ನ ಹೆಸರು, ನಮ್ಮಪ್ಪನ ಹೆಸರು, ನಮ್ಮೂರು ಹುಣಸಮಾರನಹಳ್ಳಿ, ಎಲ್ಲ ಹೇಳಿಯೇ ಶುರು ಮಾಡುತ್ತೇನೆ.

ನಿಮ್ಮ ಸಂಘದವನು,
ನಂಜುಂಡ