ಕರೆಯದೆ ಹೋದ ಮನೆ

ಅಕ್ಕಾ,

ನಿನ್ನ ಮಗನ ಮನೆಯಲ್ಲಿದ್ದೇನೆ. ಈ ಪರದೇಶದಲ್ಲೂ ನಿನ್ನ ತಮ್ಮ ಹುಲಿಯೇ. ಮರಗೆಲಸದ ಶೆಡ್ಡಿನಲ್ಲಿ ನಾನು ಮಾಡಿದ ಬಾಗಿಲನ್ನು ಸವರಿ ನೋಡದೆ ಮಾಲೀಕನೂ ಮುಂದೆ ಹೋಗುವುದಿಲ್ಲ. ಇಲ್ಲಿನ ಭಾಷೆಯನ್ನಂತೂ ನೀರು ಕುಡಿದ ಹಾಗೆ ಆಡುತ್ತೇನೆ. ಕೇಳುವವರು ಕೆಮ್ಮುತ್ತಾರೆ, ಅಷ್ಟೆ.

ಮೊನ್ನೆ ನಮ್ಮ ಶೆಡ್ಡಿನಲ್ಲಿ ಮರಕ್ಕೆ ಪಾಲಿಶ್ ಮಾಡುವ, ಈ ದೇಶದವನೇ ಒಬ್ಬನ ತಾಯಿ ತೀರಿಕೊಂಡರು. ಶೆಡ್ಡಿನವರು ಯಾರೂ ಅವನ ಮನೆ ಕಡೆ ಹೋಗಲಿಲ್ಲ.

“ಇಲ್ಲಿ ಕರೀದೆ ಹೋಗಬಾರ್ದು ಮಾವ. ಒಬ್ಬನೇ ಇರೋಕೆ ಬಿಡೋದೇ ಮರ್ಯಾದೆ,” ಎಂದ ನಿನ್ನ ಮಗ.

“ಮರ್ಯಾದೆ ನನಗೆ ಕಲಿಸ್ತೀಯೇನೋ?” ಎಂದು ಅನ್ನದ ಡಬ್ಬಿ ಹಿಡಿದು ಹೊರಟೆ.

ಪಾಲಿಶಿನವನು ಬಾಗಿಲನ್ನು ಗೇಣಗಲ ತೆರೆದ. “ಏನಾದ್ರೂ ಕೆಲಸ ಇತ್ತಾ?”

“ಇಲ್ಲಪ್ಪ, ಸುಮ್ಮನೆ ನಿನ್ನ ಜೊತೆ ಕೂತು ಹೋಗೋಣ ಅಂತ.”

ಸುಮ್ಮನೆ ಯಾಕೆ ಕೂರಬೇಕೆಂದು ಅವನಿಗೆ ತಿಳಿಯಲಿಲ್ಲ. ಡಬ್ಬಿ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ಮೆಲ್ಲಗೆ ಬಾಗಿಲು ಹಾಕಿಕೊಂಡ. ಒಳ್ಳೆಯವನೇ. ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ.

ನಿನ್ನ ಮಗ ಹುಡುಕಿಕೊಂಡು ಬಂದ. “ಏಳಿ ಮಾವ, ನೋಡಿದವರು ಏನಂದ್ಕೊಳ್ತಾರೆ? ಅವನ ತಾಯಿನ ನೀವು ಕಂಡೇ ಇಲ್ಲ.”

“ಅವನ ತಾಯಿಗೋಸ್ಕರ ಯಾರು ಕೂತಿದಾರೋ?” ಎಂದೆ.

ಊರಲ್ಲಿ ನೀನು ತೀರಿಹೋದ ಸುದ್ದಿಯನ್ನು ಫೋನಿನಲ್ಲಿ ಕೇಳಿದ ಮರುದಿನ ಇಬ್ಬರೂ ಇಲ್ಲೇ ಕೆಲಸಕ್ಕೆ ಹೋಗಿದ್ದೆವು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅವನೂ ನನ್ನ ಪಕ್ಕದಲ್ಲಿ ಕೂತ. ಆಮೇಲೆ ಕೇಳಿದ, “ಎಷ್ಟು ಹೊತ್ತು ಕೂರಬೇಕು ಮಾವ?”

ಎಲ್ಲದಕ್ಕೂ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವನು ನಾನು. ಅಕ್ಕಾ, ನಿನ್ನ ಮಗನಿಗೆ ಏನು ಹೇಳಲಿ?