ಮೊಣಕಾಲು ಬೇಡ ಅಂದಾಗ

ಭಾನುವಾರ, ಬೆಳಿಗ್ಗೆ

ಮಾಸ್ಟರಿಗೆ,

ಮೊದಲು ‘ರೀ’ ಎಂದು ಬರೆದು ಹೊಡೆದುಹಾಕಿದೆ. ಗಂಡನಿಗೆ ಬರೆಯುವುದೇನೂ ಉಳಿದಿಲ್ಲ. ಭಾರ ಎತ್ತುವುದನ್ನು ಕಲಿಸಿದವರಿಗೆ ಮಾತ್ರ ನಾಲ್ಕು ಮಾತಿದೆ.

ವಾಪಸ್ ಬಾ, ಈ ಸಲದ ಸ್ಪರ್ಧೆಗೂ ನಾನೇ ತಯಾರು ಮಾಡುತ್ತೇನೆ ಎಂದು ನಿಮ್ಮ ಅಕ್ಕನ ಕೈಲಿ ಹೇಳಿಕಳಿಸಿದ್ದೀರಿ. ಎಲ್ಲಾ ಅಷ್ಟು ಬೇಗ ಮರೆತುಹೋಯಿತೇ? ಭಾರ ಹೊತ್ತು ಕೂತು ಏಳುವಾಗ ಎಡ ಮೊಣಕಾಲಿನೊಳಗೆ ಏನೋ ಜಾರಿದಂತಾಗುತ್ತದೆ ಎಂದು ಹೋದ ವರ್ಷ ಹೇಳಿದೆ. ನೀವು ಕನ್ನಡಿಯಲ್ಲಿ ನೋಡಿ, ಕಾಲು ನೆಟ್ಟಗೇ ಇದೆ, ಭಯ ಬಿಡು ಎಂದಿರಿ. ಬಿಟ್ಟೆ. ಎಷ್ಟರಮಟ್ಟಿಗೆ ಬಿಟ್ಟೆನೆಂದರೆ, ಡಾಕ್ಟರು ಮೊಣಕಾಲು ಒತ್ತಿ ನೋವಿದೆಯೇ ಎಂದಾಗ ನಿಮ್ಮ ಮುಖ ನೋಡಿದೆ. ನೀವು ಇಲ್ಲವೆಂದು ತಲೆಯಾಡಿಸಿದಿರಿ. ನಾನೂ ಇಲ್ಲ ಎಂದೆ. ಕಾಲು ನನ್ನದು, ಉತ್ತರ ನಿಮ್ಮದು! ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ಮೈ ಉರಿಯುತ್ತದೆ. ಸ್ಕ್ಯಾನಿನಲ್ಲಿ ಎಲ್ಲ ಸರಿಯಿದೆಯಂತೆ ಎಂದು ಹೇಳಿದವರೂ ನೀವೇ.

ಹೋದ ಸಲದ ಸ್ಪರ್ಧೆಯ ದಿನ, ಮೈ ಬಿಸಿಯಾಗಲೆಂದು ಎತ್ತಿದ ಸಣ್ಣ ಭಾರಕ್ಕೇ ಕಾಲು ಬೇಡ ಅಂದಿತು. ನೀವು ನನ್ನ ಸೊಂಟದ ಪಟ್ಟಿ ಬಿಗಿದು, ಎತ್ತು ಅಂದಿರಿ. ಎತ್ತಿದೆ. ಭಾರದ ಸಮೇತ ಕುಸಿದೆ.

ಅದಕ್ಕೂ ನಿಮ್ಮನ್ನು ಬೈಯುತ್ತಿರಲಿಲ್ಲ. ಆಪರೇಷನ್ ಆದ ಮೇಲೆ, ನೀವು ಮಾತ್ರೆ ತರಲು ಹೋಗಿದ್ದಾಗ ಡಾಕ್ಟರು ಕೇಳಿದರು: “ಒಳಗೆ ಹರಿದಿದೆ, ಭಾರ ಎತ್ತಿಸಬೇಡಿ ಅಂತ ಸ್ಕ್ಯಾನ್ ನೋಡಿದ ದಿನಾನೇ ನಿಮ್ಮ ಯಜಮಾನರಿಗೆ ಫೋನ್ ಮಾಡಿ ಹೇಳಿದ್ನಲ್ಲಾ?”

ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಪಟ್ಟಿ ಬಿಗಿದಿರಿ. ನನಗೆ ಪದಕ ಬಂದಿದ್ದರೆ ನೀವು ಮುಖ್ಯ ತರಬೇತುದಾರರಾಗುತ್ತಿದ್ದಿರಂತೆ, ನಿಮ್ಮ ಅಕ್ಕ ಈಗ ಹೇಳುತ್ತಾರೆ. ಬಾಯಿಬಿಟ್ಟು ಕೇಳಿದ್ದರೆ, ಗೊತ್ತಿದ್ದೇ ಎತ್ತುತ್ತಿದ್ದೆನೇನೋ. ನೀವು ಕೇಳಲೇ ಇಲ್ಲ.

ಈಗ ತವರಿನ ಹಿಂದಿನ ಕೋಣೆಯಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತೇನೆ. ಅಲ್ಲಿ ಕನ್ನಡಿ ಇಟ್ಟಿಲ್ಲ. ಕಾಲು ಸಾಕು ಅಂದರೆ ಇಳಿಸುತ್ತೇನೆ. ಕೆಲವು ಸಲ ಅದು ಬರೀ ಸೋಮಾರಿತನ. ಯಾವುದು ನೋವು, ಯಾವುದು ನೆಪ ಎಂಬುದು ಈಗೀಗ ತಿಳಿಯುತ್ತಿದೆ. ಡಾಕ್ಟರು ಒಪ್ಪಿದ್ದಾರೆ, ಸ್ಪರ್ಧೆಗೆ ನಾನೇ ಹೋಗಿ ಹೆಸರು ಕೊಟ್ಟು ಬಂದೆ. ನಿಮ್ಮ ಹತ್ತಿರ ಮಾತ್ರ ಬರುವುದಿಲ್ಲ.

ಇಂತಿ,
ನಿಮ್ಮ ಮಾತು ಕೇಳುತ್ತಿದ್ದವಳು

ತಾ.ಕ.: ಸ್ಪರ್ಧೆ ನೋಡಲು ಬರಬೇಡಿ. ಕೋಪದಿಂದ ಹೇಳುತ್ತಿಲ್ಲ. ಜನರ ನಡುವೆ ನಿಂತು ನೀವು ಎತ್ತು ಅಂದರೆ, ಕಾಲು ಎಷ್ಟು ಬೇಡ ಅಂದರೂ, ನಾನು ಇವತ್ತಿಗೂ ಎತ್ತಿಬಿಡುತ್ತೇನೆ.